ಮೊಬೈಲ್ ಆ್ಯಪ್‌ನ ಭಾಷೆ ಬದಲಾಯಿಸುವ ಕ್ರಮ

ಹವಾಮಾನ ಮುನ್ಸೂಚನೆ, ಪೇಟೆ ಧಾರಣೆ, ಕೀಟ ಮತ್ತು ರೋಗಗಳ ಹತೋಟಿ ಮುಂತಾದ ಮಾಹಿತಿ ಈಗ ಮೊಬೈಲ್ ಆ್ಯಪ್‌ಗಳ ಮೂಲಕ ರೈತರ ಕೈಸೇರುತ್ತಿದೆ. ಆದರೆ ಆ್ಯಪ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತೆರೆದುಕೊಂಡರೆ ಕೆಲವರು ಅದನ್ನು ಅಲ್ಲಿಗೇ ಬಿಡುತ್ತಾರೆ. ಇನ್ನು ಕೆಲವರು ಅರ್ಧಂಬರ್ಧ ತಿಳಿದು ಕೆಲಸಕ್ಕೆ ತೊಡಗುತ್ತಾರೆ. ಎರಡನೆಯದು ಹೆಚ್ಚು ಅಪಾಯಕರ. ಹೆಕ್ಟೇರಿಗೆ ಹೇಳಿದ ಗೊಬ್ಬರವನ್ನು ಎಕರೆಗೆಂದು ತಿಳಿದು ಹಾಕಿದರೆ ಪ್ರಮಾಣ ಸುಮಾರು ಎರಡೂವರೆ ಪಟ್ಟಾಗುತ್ತದೆ. ಆದ್ದರಿಂದ ಆ್ಯಪ್ ಬಳಸುವ ಮೊದಲು ಅದರ ಭಾಷೆಯನ್ನು ಸರಿಪಡಿಸಿಕೊಳ್ಳುವುದು ಸೂಕ್ತ.

ಭಾಷೆ ಎಲ್ಲಿಂದ ಬರುತ್ತದೆ?

ಆ್ಯಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೆಲವು ಆ್ಯಪ್‌ಗಳು ಫೋನಿಗೆ ಆರಿಸಿದ ಭಾಷೆಯನ್ನೇ ಅನುಸರಿಸುತ್ತವೆ. ಮತ್ತೆ ಕೆಲವಕ್ಕೆ ತಮ್ಮದೇ ಆದ ಭಾಷೆಯ ಆಯ್ಕೆ ಇರುತ್ತದೆ. ಫೋನು ಇಂಗ್ಲಿಷಿನಲ್ಲಿದ್ದರೂ ಇವನ್ನು ಕನ್ನಡದಲ್ಲಿ ನೋಡಬಹುದು. ತಯಾರಕರು ಕನ್ನಡವನ್ನು ಸೇರಿಸಿರದಿದ್ದರೆ ಯಾವ ಕ್ರಮದಿಂದಲೂ ಆ ಆ್ಯಪ್ ಕನ್ನಡಕ್ಕೆ ಬರುವುದಿಲ್ಲ.

ಬದಲಾಯಿಸುವ ವಿಧಾನ

1. ಮೊದಲು ಆ್ಯಪ್‌ನೊಳಗೆ ಹುಡುಕಬೇಕು. ಮೂಲೆಯಲ್ಲಿರುವ ಮೂರು ಗೆರೆ ಅಥವಾ ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆ ಎಂಬಲ್ಲಿ ಕನ್ನಡವನ್ನು ಆರಿಸಬೇಕು.

2. ಅಲ್ಲಿ ದೊರೆಯದಿದ್ದರೆ ಫೋನಿನ ಸೆಟ್ಟಿಂಗ್ಸ್ ನೋಡಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಲ್ಲಿ ಸಿಸ್ಟಮ್, ಲ್ಯಾಂಗ್ವೇಜಸ್, ಆ್ಯಪ್ ಲ್ಯಾಂಗ್ವೇಜಸ್ ಎಂಬ ಕ್ರಮದಲ್ಲಿ ಹೋದರೆ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಭಾಷೆ ಕೊಡಬಹುದು. ಈ ಸೌಲಭ್ಯಕ್ಕೆ ಹೊಂದಿಸಿದ ಆ್ಯಪ್‌ಗಳು ಮಾತ್ರ ಪಟ್ಟಿಯಲ್ಲಿ ಕಾಣುತ್ತವೆ. ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು, ಸ್ಥಳ ತುಸು ಬೇರೆಯಾಗಿರಬಹುದು.

3. ಹಳೆಯ ಫೋನಿನಲ್ಲಿ ಇಡೀ ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಾಯಿಸಬೇಕಾಗುತ್ತದೆ.

ಮಕ್ಕಳ ಕೈತಪ್ಪಿನಿಂದ ತಿಳಿಯದ ಭಾಷೆ ಬಂದುಬಿಟ್ಟರೆ ಗಾಬರಿಯಾಗಬೇಕಿಲ್ಲ. ಭಾಷೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಪ್ರತಿ ಭಾಷೆಯ ಹೆಸರೂ ಅದರ ಲಿಪಿಯಲ್ಲೇ ಇರುತ್ತದೆ. ತೆಲುಗು ಲಿಪಿ ಕನ್ನಡವನ್ನು ಹೋಲುವುದರಿಂದ ನಿಧಾನವಾಗಿ ಓದಿ ಒತ್ತಬೇಕು.

ಗಮನಿಸಬೇಕಾದ ಅಂಶಗಳು

ಭಾಷೆ ಬದಲಾಯಿಸುವುದರಿಂದ ತುಂಬಿದ ಮಾಹಿತಿ ಅಳಿಯುವುದಿಲ್ಲ. ಆದರೆ ಭಾಷೆ ಸರಿಹೋಗಲಿಲ್ಲವೆಂದು ಆ್ಯಪ್ ತೆಗೆದು ಮತ್ತೆ ಹಾಕಿಕೊಂಡರೆ, ನೆಟ್‌ವರ್ಕ್ ಇಲ್ಲದೆ ಇನ್ನೂ ಕಳುಹಿಸದಿರುವ ವಿವರ ಮತ್ತು ಚಿತ್ರಗಳು ಕಳೆದುಹೋಗಬಹುದು. ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಮಾಹಿತಿ ತುಂಬಿದವರು ಅದನ್ನು ಮೊದಲು ಕಳುಹಿಸಿಬಿಡಬೇಕು.

ಪರದೆಯ ಗುಂಡಿಗಳು ಕನ್ನಡಕ್ಕೆ ಬಂದ ಮಾತ್ರಕ್ಕೆ ಒಳಗಿನ ಸಲಹೆಯೂ ಕನ್ನಡದಲ್ಲಿ ಇರುತ್ತದೆಂದು ಹೇಳಲಾಗದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. 2019ರಲ್ಲಿ ಬಿಡುಗಡೆಯಾದ ‘ಮೇಘದೂತ’ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಸಲಹೆಗಳು ಪ್ರಾದೇಶಿಕ ಭಾಷೆಗಳಲ್ಲಿಯೂ ದೊರೆಯುತ್ತವೆ. ಇಂತಹ ಸಲಹೆಯನ್ನು ತಜ್ಞರು ಸಿದ್ಧಪಡಿಸುತ್ತಾರೆ. ಇನ್ನು ಕೆಲವೆಡೆ ಯಂತ್ರವೇ ಅನುವಾದ ಮಾಡಿರುತ್ತದೆ. ಅಂತಹ ಬರಹದಲ್ಲಿ ಔಷಧಿಯ ಹೆಸರು, ಗ್ರಾಂ ಅಥವಾ ಮಿಲಿಲೀಟರ್, ಲೀಟರ್ ನೀರಿಗೋ ಎಕರೆಗೋ ಎಂಬುದನ್ನು ಡಬ್ಬದ ಮೇಲಿನ ಚೀಟಿಯೊಡನೆ ತಾಳೆ ನೋಡಿದ ಮೇಲೆಯೇ ಸಿಂಪಡಿಸಬೇಕು. ಸಂದೇಹವಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಆ್ಯಪ್ ಪರಿಚಯಿಸುವಾಗ ಮೊದಲ ಪಾಠವಾಗಿ ಭಾಷೆ ಬದಲಾಯಿಸುವುದನ್ನೇ ಕಲಿಸಬೇಕು. ತಾವೇ ಫೋನು ತೆಗೆದುಕೊಂಡು ಮಾಡಿಕೊಡುವುದಕ್ಕಿಂತ ರೈತರ ಕೈಯಿಂದಲೇ ಮಾಡಿಸಿದರೆ ಮುಂದೆ ಅವರು ಇನ್ನೊಬ್ಬರನ್ನು ಕಾಯಬೇಕಾಗುವುದಿಲ್ಲ.