ಕಾರಿನ ಸಾಕೆಟ್ಟು ಕೈಕೊಟ್ಟಾಗ

ದೂರದ ಊರಿಗೆ ಹೊರಟಿದ್ದೀರಿ. ದಾರಿಯಲ್ಲಿ ಟೈರಿಗೆ ಗಾಳಿ ತುಂಬಲೆಂದು ಪುಟ್ಟ ಪಂಪಿನ ತಂತಿಯನ್ನು ಕಾರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಅದು ಮುಲುಗುತ್ತದೆ, ತಿರುಗುವುದಿಲ್ಲ. ಕೂಡಲೆ ಪಂಪನ್ನು ಬೈಯುತ್ತೇವೆ. ಪಾಪ, ಎಷ್ಟೋ ಸಲ ಅದರ ತಪ್ಪೇನೂ ಇರುವುದಿಲ್ಲ.

ಸಿಗರೇಟು ಹೊತ್ತಿಸುವುದಕ್ಕಾಗಿ ಹುಟ್ಟಿದ ಸಾಕೆಟ್ಟು ಇದು. ನಡುವಿನ ಗುಂಡಿ ಧನ; ಸುತ್ತಲಿನ ಲೋಹದ ಕೊಳವೆ ಋಣ, ಅಂದರೆ ಕಾರಿನ ಮೈಗೇ ಸೇರಿದ್ದು. ಇವೆರಡರ ನಡುವೆ ಚಿಲ್ಲರೆ ನಾಣ್ಯವೊಂದು ಬಿದ್ದರೂ ಫ್ಯೂಸು ಹೋಗುತ್ತದೆ. ಆದುದರಿಂದ ಮೊದಲು ಟಾರ್ಚು ಹಿಡಿದು ನೋಡಿ. ಏನಾದರೂ ತೆಗೆಯಬೇಕಿದ್ದರೆ ಫ್ಯೂಸನ್ನು ಕಿತ್ತಿಟ್ಟ ಮೇಲೆಯೇ ಕೈಹಾಕಿ. ಹಲವು ಕಾರುಗಳಲ್ಲಿ ಕೀಲಿ ತಿರುಗಿಸದೆ ಇಲ್ಲಿಗೆ ವಿದ್ಯುತ್ತು ಬರುವುದಿಲ್ಲವೆಂಬುದೂ ನೆನಪಿರಲಿ.

ಈಗ ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿನಲ್ಲಿಟ್ಟು ಕೆಂಪು ಮೊನೆಯನ್ನು ಗುಂಡಿಗೆ, ಕರಿಯದನ್ನು ಕೊಳವೆಗೆ ತಾಗಿಸಿ. ಎಂಜಿನ್ನು ನಿಂತಿರುವಾಗ ಸುಮಾರು 12.6 ವೋಲ್ಟು ಕಾಣಬೇಕು. ಏನೂ ಕಾಣದಿದ್ದರೆ ಕರಿಯ ಮೊನೆಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ ನೋಡಿ. ಆಗ ವೋಲ್ಟು ಬಂದರೆ ಕೆಟ್ಟಿರುವುದು ಅರ್ಥಿಂಗಿನ ತಂತಿ.

ಆದರೆ ಮೀಟರು 12 ತೋರಿಸಿತೆಂದು ನಿಶ್ಚಿಂತರಾಗಬೇಡಿ. ಬಹಳ ಮಂದಿ ಎಡವುವುದು ಇಲ್ಲಿಯೇ. ಕಸ ಕಟ್ಟಿದ ಕೊಳಾಯಿಯಲ್ಲಿ ನಲ್ಲಿ ಮುಚ್ಚಿರುವಾಗ ಒತ್ತಡವೇನೋ ಪೂರ್ತಿ ಇರುತ್ತದೆ, ತಿರುಗಿಸಿದರೆ ಮಾತ್ರ ಸಣ್ಣ ಧಾರೆ. ಮೀಟರು ಎಳೆಯುವ ವಿದ್ಯುತ್ತು ತೀರ ಅಲ್ಪ. ತುಕ್ಕು ಹಿಡಿದ ಕೂಡಿಕೆಯೂ ಅಷ್ಟನ್ನು ಒದಗಿಸುತ್ತದೆ. 120 ವಾಟಿನ ಪಂಪು ಕೇಳುವುದು 10 ಆಂಪಿಯರು. ಆ ತುಕ್ಕಿನ ತಡೆ ಬರಿಯ 0.2 ಓಮ್ ಇದ್ದರೂ 2 ವೋಲ್ಟು ಅಲ್ಲೇ ಕಳೆದು, 20 ವಾಟಿನಷ್ಟು ಕಾವು ಆ ಒಂದೇ ಕೂಡಿಕೆಯಲ್ಲಿ ಹುಟ್ಟುತ್ತದೆ. ಸುತ್ತಲಿನ ಪ್ಲಾಸ್ಟಿಕ್ಕು ಕರಗುವುದು ಹೀಗೆಯೇ.

ಆದ್ದರಿಂದ 55 ವಾಟಿನ ಹಳೆಯ ಹೆಡ್‌ಲೈಟ್ ಬಲ್ಬನ್ನು ಪ್ಲಗ್ಗಿಗೆ ಜೋಡಿಸಿ ಉರಿಸಿ (ಗಾಜು ಕೈ ಸುಡುತ್ತದೆ, ಜೋಕೆ), ಉರಿಯುವಾಗಲೇ ಬಲ್ಬಿನ ತುದಿಗಳಲ್ಲಿ ಮೀಟರು ಹಿಡಿಯಿರಿ. ಅರ್ಧ ವೋಲ್ಟು ಇಳಿದರೆ ಚಿಂತೆಯಿಲ್ಲ. 10ಕ್ಕೋ 9ಕ್ಕೋ ಕುಸಿದರೆ, ಬ್ಯಾಟರಿ ಸರಿಯಿರುವ ಪಕ್ಷದಲ್ಲಿ, ದೋಷ ದಾರಿಯಲ್ಲೆಲ್ಲೋ ಇದೆ.

ಫ್ಯೂಸಿನ ವಿಷಯ. ಮನೆಯ ಫ್ಯೂಸು ಹೋದಾಗ ಸಿಕ್ಕಿದ ತಾಮ್ರದ ಎಳೆಯನ್ನು ಸುತ್ತುವ ಚಾಳಿ ನಮ್ಮಲ್ಲಿ ಹಲವರಿಗುಂಟು. ಕಾರಿನಲ್ಲಿ ಅದು ಬೇಡವೇ ಬೇಡ. 15 ಆಂಪಿಯರಿನದು ಹೋದರೆ 15ರದನ್ನೇ ಹಾಕಿ. ಸಾಕೆಟ್ಟು ಬರಿದಾಗಿದ್ದರೂ ಹೊಸದು ಥಟ್ಟನೆ ಹೋಯಿತೆಂದರೆ, ಒಳಗೆಲ್ಲೋ ತಂತಿಯ ಹೊದಿಕೆ ಸವೆದು ಕಾರಿನ ಮೈಗೆ ತಾಗುತ್ತಿರಬಹುದು. ಆಗ ಮೂರನೆಯ ಫ್ಯೂಸು ಕೊಳ್ಳದೆ, ಕಾರಿನ ವಿದ್ಯುತ್ ಕೆಲಸ ಬಲ್ಲವರ ಬಳಿಗೆ ಗಾಡಿಯನ್ನು ಕೊಂಡೊಯ್ಯಿರಿ.