ಹದಿನೆಂಟು ಎಳೆ, ಒಂದು ಹುರಿ

ಬೆಂಗಳೂರಿನ ತ್ಯಾಗರಾಜನಗರದಲ್ಲಿ ಒಂದು ಮನೆಯ ಮಹಡಿ ಕೋಣೆ. ಕಿಟಕಿಯಿದ್ದ ಜಾಗಕ್ಕೆ ಹಲಗೆ ಜಡಿದಿದ್ದಾರೆ. ಸದ್ದಾಗುತ್ತದೆಂದು ಫ್ಯಾನ್ ಹಾಕುವುದಿಲ್ಲ, ಹಾಗಾಗಿ ಒಳಗೆ ಕೂತವರೆಲ್ಲ ಬೆವರುತ್ತಲೇ ಸಂಗೀತ ಕೇಳಬೇಕು. ಪರದೆಯ ಮೇಲೆ ಹದಿನೆಂಟು ಬಣ್ಣದ ಪಟ್ಟಿಗಳು ಒಂದರ ಕೆಳಗೊಂದು ಸರಿಯುತ್ತಿದ್ದವು. ಒಂದು ದೇವರನಾಮ. ಕಂಠಕ್ಕೊಂದು ಟ್ರ್ಯಾಕ್, ಮೃದಂಗದ ಬಲಕ್ಕೊಂದು, ಎಡಕ್ಕೊಂದು, ಪಿಟೀಲು, ಕೊಳಲು, ತಂಬೂರಿ, ತಾಳ, ಹಿಮ್ಮೇಳದ ಹುಡುಗಿಯರು. ಹಾಡು ಮುಗಿಯಿತು ಅಂದುಕೊಂಡು ನಾನು ಎದ್ದೆ. ಎಂಜಿನಿಯರ್ ಕೈ ಅಡ್ಡ ಮಾಡಿದರು. "ಇರಿ ಸಾರ್, ತಂಬೂರಿ ಇನ್ನೂ ಹೋಗಿಲ್ಲ."

ಕೊನೆಯ ತಂತಿಯ ಝೇಂಕಾರ ಪೂರ್ತಿ ಆರುವ ತನಕ ಅವರು ಕಾದರು. ಮೇಲೆ ಇನ್ನೆರಡು ಸೆಕೆಂಡು ಬಿಟ್ಟು ಆಮೇಲೆ ಗುಂಡಿ ಒತ್ತಿದರು. ಆತುರದವರು ಕೊನೆಯ ಅಕ್ಷರ ಬಿದ್ದ ಕೂಡಲೇ ಕತ್ತರಿಸಿಬಿಡುತ್ತಾರೆ. ಆಗ ಹಾಡು ಮುಗಿದಂತೆ ಕೇಳುವುದಿಲ್ಲ, ಕರೆಂಟ್ ಹೋದಂತೆ ಕೇಳುತ್ತದೆ.

ಈ ಕೆಲಸಕ್ಕೆ ಮಿಕ್ಸ್ ಡೌನ್ ಎನ್ನುತ್ತಾರೆ. ಹದಿನೆಂಟನ್ನು ಎರಡಕ್ಕೆ ಇಳಿಸುವುದು: ಎಡಗಿವಿಗೊಂದು, ಬಲಗಿವಿಗೊಂದು. ನಾರನ್ನು ಹೊಸೆದು ಹುರಿ ಮಾಡಿದ ಹಾಗೆ. ಎಲ್ಲವನ್ನೂ ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ನೋಡಿದಾಗ ಗೊತ್ತಾಯಿತು, ಅರ್ಧ ಕೆಲಸ ತೆಗೆಯುವುದೇ. ಕಂಠದ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿದ್ದದ್ದನ್ನೆಲ್ಲ ಅವರು ಕತ್ತರಿಸಿದರು. ಅಲ್ಲಿ ಹಾಡು ಇರಲಿಲ್ಲ. ಬೀದಿಯ ಲಾರಿಯ ಗುಡುಗು ಮತ್ತು ಹಾಡುಗಾರ್ತಿ ಕಾಲಿನಲ್ಲಿ ತಾಳ ಹಾಕುತ್ತಿದ್ದ ದಪದಪ ಇತ್ತು. ಪಿಟೀಲೂ ಹೆಣ್ಣುದನಿಯೂ ಒಂದೇ ಮಣೆಗೆ ಜಗಳಾಡುವ ಜಾತಿಯವು. ಪಿಟೀಲನ್ನು ಸ್ವಲ್ಪ ಎಡಕ್ಕೆ ಸರಿಸಿದ ಮೇಲೆ, ದನಿ ಏರಿಸದೆಯೇ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿತು. ಆಮೇಲೆ ಇಡೀ ಹಾಡನ್ನು ತೀರ ಸಣ್ಣ ದನಿಯಲ್ಲಿ ಒಮ್ಮೆ, ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿದರು. ದೊಡ್ಡ ಸ್ಪೀಕರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ಅದನ್ನು ನಂಬಬಾರದು ಅನ್ನುವುದು ಅವರ ವಾದ.

ಟೇಪಿನ ಕಾಲದಲ್ಲಿ ಮೀಟರಿನ ಮುಳ್ಳು ಕೆಂಪಿಗೆ ಹಾರಿದರೂ ದನಿ ಕೊಂಚ ದಪ್ಪಗಾಗುತ್ತಿತ್ತು, ಕೆಲವರಿಗೆ ಅದೇ ರುಚಿ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ ಅನ್ನುವುದು ಗೋಡೆ. ತಗುಲಿದರೆ ಅಲೆಯ ತಲೆ ಹಾರಿ ಕರಕರ ಅನ್ನುತ್ತದೆ.

ಒಂದಾನೊಂದು ಕಾಲದಲ್ಲಿ ಈ ರಗಳೆಯೇ ಇರಲಿಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದಾಗ ಎದುರಿಗಿದ್ದದ್ದು ಒಂದು ತುತ್ತೂರಿ. ಬ್ಯಾಲೆನ್ಸ್ ಎಂದರೆ ಯಾರು ತುತ್ತೂರಿಗೆ ಹತ್ತಿರ, ಯಾರು ದೂರ ಅನ್ನುವುದು ಅಷ್ಟೆ. ಸುಮಾರು ಮೂರು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದದ್ದು ಜಂಬಕ್ಕಲ್ಲ. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ಪ್ಲೇಟಿಗೆ ಯಾರ ಚೀಟಿ ಅಂಟಿಸಬೇಕೆಂದು ತಿಳಿಯಬೇಕಲ್ಲ! ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಇಲ್ಲೇ ತೀರಿಕೊಂಡ ಆ ಗಾಯಕಿಯ ಹೆಸರು, ಆ ಕೂಗಿನ ದೆಸೆಯಿಂದಾಗಿ, ಪ್ಲೇಟಿನ ಚೀಟಿ ಕಿತ್ತುಹೋದರೂ ಉಳಿಯುತ್ತದೆ.

ಆಮೇಲೆ ಮೈಕು ಬಂತು, ಟೇಪು ಬಂತು, ಸ್ಟುಡಿಯೊ ಎಂಬ ದೊಡ್ಡ ಛತ್ರ ಬಂತು. ಕನ್ನಡ ಚಿತ್ರಗೀತೆಗಳಿಗೆ ಬಹುಕಾಲ ಮದ್ರಾಸೇ ಗತಿಯಾಗಿತ್ತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದರ ಹಿಂದೆ ಆ ರೈಲು ಪ್ರಯಾಣದ ಬೇಸರವೂ ಇದ್ದೀತು. ಛತ್ರವನ್ನು ಮಹಡಿ ಕೋಣೆಗೆ ಇಳಿಸಿದ್ದು 1990ರ ದಶಕ. ವಿಡಿಯೊ ಕ್ಯಾಸೆಟ್ಟಿನಲ್ಲಿ ಎಂಟು ಟ್ರ್ಯಾಕ್ ಹಿಡಿಯುವ ಅಲೆಸಿಸ್‌ನ ಎಡ್ಯಾಟ್, 1991ರಲ್ಲಿ ಬರೀ ನಾಲ್ಕು ಟ್ರ್ಯಾಕಿನೊಂದಿಗೆ ಹುಟ್ಟಿದ ಪ್ರೊ ಟೂಲ್ಸ್, 1996ರ ರೋಲೆಂಡ್ ವಿಎಸ್-880. ಈ ಕೊನೆಯದು ಹಾರ್ಮೋನಿಯಮ್ ಪೆಟ್ಟಿಗೆಯ ಹಾಗೆ ಬಗಲಲ್ಲಿ ಒಯ್ಯಬಹುದಾದ ಯಂತ್ರ. ಅದರೊಳಗೇ ಮಿಕ್ಸರ್, ಅದರೊಳಗೇ ಹಾರ್ಡ್ ಡಿಸ್ಕ್. ಆಮೇಲೆ ಅದಕ್ಕೆ ಸಿ.ಡಿ. ಬರೆಯುವ ಡ್ರೈವ್ ಕೂಡ ಜೋಡಿಸಿದರು.

ಸಿ.ಡಿ.ಯ ಲೆಕ್ಕ ಈಗಲೂ ಮೋಜು ಕೊಡುತ್ತದೆ. ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆಯಬೇಕು, ಪ್ರತಿ ಅಳತೆಗೂ 16 ಬಿಟ್. ಈ 44,100 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಸಂಗೀತಶಾಸ್ತ್ರದಲ್ಲಲ್ಲ, ಟಿ.ವಿ.ಯಲ್ಲಿ. ಆಗ ಡಿಜಿಟಲ್ ದನಿಯನ್ನು ಹಿಡಿದಿಡಲು ವಿಡಿಯೊ ರೆಕಾರ್ಡರ್ ಬಳಸುತ್ತಿದ್ದರು. ಚಿತ್ರದ ಒಂದೊಂದು ಗೆರೆಗೆ ಮೂರು ಅಳತೆ, 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ. ನಮ್ಮ ಆ ದೇವರನಾಮ ಆರು ನಿಮಿಷದ್ದು. ಸ್ಟುಡಿಯೊದಲ್ಲಿ 48,000 ಅಳತೆ, 24 ಬಿಟ್‌ನಲ್ಲಿ ಹಿಡಿದ ಹದಿನೆಂಟು ಟ್ರ್ಯಾಕ್ ಸೇರಿ ಸುಮಾರು 930 ಎಂ.ಬಿ. ಅದೇ ಹಾಡು ಸಿ.ಡಿ.ಗೆ ಇಳಿದಾಗ 63 ಎಂ.ಬಿ. ಕಳೆದುಹೋದ ಎಂಟುನೂರು ಚಿಲ್ಲರೆ ಎಲ್ಲಿ ಹೋಯಿತು? ಪಿಟೀಲನ್ನು ಮತ್ತೆ ಬಲಕ್ಕೆ ಸರಿಸುವ ಅವಕಾಶವಾಗಿ ಹೋಯಿತು.

ಡಿಸ್ಕ್ ಬರೆಯುವುದಕ್ಕೆ ಸ್ಟುಡಿಯೊದವರು ಇಂದಿಗೂ 'ಬರ್ನ್ ಮಾಡೋದು' ಎಂದೇ ಹೇಳುತ್ತಾರೆ. ತಪ್ಪೇನಿಲ್ಲ, ಲೇಸರ್ ನಿಜವಾಗಿಯೂ ಬಣ್ಣದ ಪದರವನ್ನು ಸುಡುತ್ತದೆ. ಹಳೆಯ ಡ್ರೈವ್‌ಗಳಿಗೆ ದತ್ತಾಂಶ ಎಡೆಬಿಡದೆ ಬರುತ್ತಿರಬೇಕಿತ್ತು, ಕ್ಷಣ ತಡವಾದರೂ ಡಿಸ್ಕ್ ದಂಡ. ಲೋಡ್ ಶೆಡ್ಡಿಂಗಿನ ಬೇಸಿಗೆಗಳಲ್ಲಿ ಹಾಗೆ ದಂಡವಾದ ಡಿಸ್ಕುಗಳನ್ನು ಕಾಫಿ ಲೋಟದ ಅಡಿಗೆ ಇಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಬರೆಯುವ ವಿಧಾನದಲ್ಲೂ ಎರಡು ಬಗೆ. ಹಾಡುಹಾಡಿಗೆ ಲೇಸರ್ ನಿಲ್ಲಿಸಿ ಬರೆದರೆ ನಡುವೆ ಎರಡು ಸೆಕೆಂಡು ಮೌನ ಬೀಳುತ್ತದೆ. ಚಿತ್ರಗೀತೆಗೆ ನಡೆಯುತ್ತದೆ. ಕಚೇರಿಯ ಧ್ವನಿಮುದ್ರಣಕ್ಕೆ ನಡೆಯುವುದಿಲ್ಲ: ಆಲಾಪನೆಯ ಕೊನೆಯ ಷಡ್ಜದಿಂದ ಕೃತಿಯ ಎತ್ತುಗಡೆಗೆ ಹೋಗುವಾಗ ತಂಬೂರಿ ಕಡಿದು ಮತ್ತೆ ಹುಟ್ಟಿದರೆ ಕಿವಿಗೆ ಮುಳ್ಳು ಚುಚ್ಚಿದ ಹಾಗೆ. ಅದಕ್ಕೆ ಇಡೀ ಡಿಸ್ಕನ್ನು ಒಂದೇ ಉಸಿರಿನಲ್ಲಿ ಬರೆಯಬೇಕು. ಕೊನೆಗೆ ಫೈನಲೈಸ್ ಮಾಡಬೇಕು, ಇಲ್ಲವಾದರೆ ಮನೆಯ ಪ್ಲೇಯರ್ ಅದನ್ನು ಗುರುತೇ ಹಿಡಿಯುವುದಿಲ್ಲ.

ಈಗ ನನ್ನ ಕಥೆ. 2005ರಲ್ಲಿ ನಮ್ಮ ದೊಡ್ಡತ್ತೆ ಹಾಡಿದ ಹನ್ನೊಂದು ಮದುವೆ ಹಾಡುಗಳನ್ನು ಧ್ವನಿಮುದ್ರಣ ಮಾಡಿಸಿದ್ದೆ. ಎಣ್ಣೆ ಹಚ್ಚುವ ಹಾಡಿನಿಂದ ಹಿಡಿದು ಆರತಿ ಹಾಡಿನವರೆಗೆ. ಶ್ರುತಿಗೆ ಹಾರ್ಮೋನಿಯಮ್ ಇರಲಿ ಅಂದೆವು, ಅದು ಮಿಕ್ಸಿನಲ್ಲಿ ಒಂದು ಪಟ್ಟು ಜಾಸ್ತಿಯಾಯಿತು. "ಆಮೇಲೆ ಸರಿ ಮಾಡೋಣ" ಅಂದರು. ಸಿ.ಡಿ. ಕೈಗೆ ಬಂತು, ನಾನು ಬಾಲ್‌ಪೆನ್ನಿನಲ್ಲಿ ಅದರ ಮೇಲೆ ಹೆಸರು ಬರೆದು ಖುಷಿಯಾಗಿ ಮನೆಗೆ ಬಂದೆ. ಎರಡು ವರ್ಷ ಬಿಟ್ಟು ಹೋದಾಗ ಆ ಸ್ಟುಡಿಯೊದ ಕಂಪ್ಯೂಟರ್ ಫಾರ್ಮ್ಯಾಟ್ ಆಗಿತ್ತು. ಪ್ರಾಜೆಕ್ಟ್ ಇರಲಿಲ್ಲ. ಅತ್ತೆಯೂ ಇರಲಿಲ್ಲ.

ಹಾರ್ಮೋನಿಯಮ್ಮನ್ನು ಈಗ ಬೇರೆ ಮಾಡಬಹುದಲ್ಲ ಎಂದು ಮಗಳು ಕೇಳುತ್ತಾಳೆ. ಹೌದು, ಜಾನ್ ಲೆನನ್ ಮನೆಯಲ್ಲಿ ಪಿಯಾನೊ ಜತೆ ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ದನಿಯನ್ನು ಯಂತ್ರದ ಬುದ್ಧಿಯಿಂದ ಬಿಡಿಸಿ 2023ರಲ್ಲಿ ಬೀಟಲ್ಸ್ ಹೆಸರಿನಲ್ಲಿ ಹಾಡು ತಂದರು. ನಾನೂ ಪ್ರಯತ್ನಿಸಿದೆ. ಅತ್ತೆಯ ದನಿ ಬಂತು, ನೀರಿನೊಳಗಿಂದ ಹಾಡಿದ ಹಾಗೆ.

ಬ್ಯಾಕಪ್ ಅಂದರೆ ಫೋಲ್ಡರನ್ನು ಎಳೆದು ಪೆನ್‌ಡ್ರೈವಿಗೆ ಹಾಕುವುದಲ್ಲ ಎನ್ನುತ್ತಾರೆ ತ್ಯಾಗರಾಜನಗರದ ಎಂಜಿನಿಯರ್. ಪ್ರಾಜೆಕ್ಟ್ ಫೈಲಿನಲ್ಲಿ ದನಿಯೇ ಇರುವುದಿಲ್ಲ. ಯಾವ ದನಿ ಎಲ್ಲಿದೆ, ಎಷ್ಟು ಏರಿಸಬೇಕು ಎಂಬ ವಿಳಾಸಗಳು ಮಾತ್ರ. ವಿಳಾಸ ಉಳಿದು ಮನೆ ಬಿದ್ದುಹೋದ ಪ್ರಾಜೆಕ್ಟುಗಳು ಅವರ ಬಳಿಗೆ ಬರುತ್ತಲೇ ಇರುತ್ತವೆ. ವಿಎಸ್ ಯಂತ್ರಗಳದ್ದು ಇನ್ನೊಂದು ಪೇಚು. ಅವು ತಮ್ಮದೇ ಸಂಕುಚಿತ ಬರವಣಿಗೆಯಲ್ಲಿ ಬ್ಯಾಕಪ್ ಬರೆಯುತ್ತಿದ್ದವು, ಆ ಡಿಸ್ಕನ್ನು ಮಾಮೂಲಿ ಕಂಪ್ಯೂಟರಿಗೆ ಹಾಕಿದರೆ ಕಣ್ಣು ಪಿಳಿಪಿಳಿ ಬಿಡುತ್ತದೆ. ಅದಕ್ಕೇ ಅವರು ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆಯ ಕ್ಷಣದಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಫೈಲಾಗಿ ತೆಗೆಯುತ್ತಾರೆ. ಮೂವತ್ತು ವರ್ಷದ ಮೇಲೆ ಯಾವ ತಂತ್ರಾಂಶವೇ ಇರಲಿ, ಎಲ್ಲವನ್ನೂ ಎಡಗಡೆಗೆ ಒತ್ತಿ ನಿಲ್ಲಿಸಿದರೆ ಹಾಡು ಕೂಡಿಕೊಳ್ಳುತ್ತದೆ. ರಿವರ್ಬ್ ಹಾಕಿದ ಕಂಠ ಒಂದು, ಹಾಕದ ಒಣ ಕಂಠ ಒಂದು. 'ಆಡಿಯೊ 23' ಎಂಬಂಥ ಹೆಸರು ಕಂಡರೆ ಅವರಿಗೆ ಸಿಟ್ಟು ಬರುತ್ತದೆ: "ಗೌಹರ್ ಜಾನ್‌ಗೆ ಇದ್ದ ಬುದ್ಧಿ ನಮಗಿಲ್ಲ." ಜತೆಗೆ ಒಂದು ಚೀಟಿ: ಶ್ರುತಿ ಎಷ್ಟು ಮನೆ, ಯಾವ ಮೈಕು, ಯಾರು ನುಡಿಸಿದ್ದು. ಹೀಗೆ ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ. ಅವರದ್ದು ದಿನಾ ಸಂಜೆ ಊಟದ ಚೀಲದಲ್ಲಿ, ಖಾಲಿ ಡಬ್ಬಿಯ ಪಕ್ಕ ಮನೆಗೆ ಹೋಗುತ್ತದೆ.

ಕಳೆದ ತಿಂಗಳು ಅತ್ತೆಯ ಸಿ.ಡಿ.ಯನ್ನು ಅವರಿಗೇ ಒಯ್ದು ಕೊಟ್ಟೆ. ಹಿಡಿದು ಬೆಳಕಿಗೆ ತಿರುಗಿಸಿದರು. ಹೊಳೆಯುವ ಮೈಯ ಗೀರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಅಲ್ಲಿ ಮಿಲಿಮೀಟರಿಗೂ ಮಿಕ್ಕಿದ ಪ್ಲಾಸ್ಟಿಕ್ಕಿನ ಕಾವಲಿದೆ. ನನ್ನ ಬಾಲ್‌ಪೆನ್ನಿನ ಅಕ್ಷರ ನೋಡಿ ನಿಟ್ಟುಸಿರುಬಿಟ್ಟರು. ದನಿಯ ಪದರ ಇರುವುದು ಆ ಮೈಯಲ್ಲಿ, ತೆಳು ಮೆರುಗೆಣ್ಣೆಯ ಕೆಳಗೇ. ಹಳೆಯ ಡ್ರೈವಿಗೆ ಹಾಕಿ ನಿಧಾನದ ವೇಗದಲ್ಲಿ ಓದಿಸಿದರು. ಸಿ.ಡಿ. ಒಳಗಿನಿಂದ ಅಂಚಿನ ಕಡೆಗೆ ಓದಿಕೊಂಡು ಹೋಗುತ್ತದೆ. ಎಣ್ಣೆ ಹಚ್ಚುವ ಹಾಡು ಬಂತು, ಹಸೆಗೆ ಕರೆಯುವ ಹಾಡು ಬಂತು, ಒಂಬತ್ತು ಬಂದವು. ಹತ್ತನೆಯದರಲ್ಲಿ ಲೇಸರ್ ಟಕಟಕ ಎಂದು ಹಿಂದೆ ಮುಂದೆ ಹುಡುಕಾಡಿತು, ಹಾಗೂ ಹೀಗೂ ಮುಕ್ಕಾಲು ಹಾಡು ಕೊಟ್ಟಿತು. ಆರತಿ ಹಾಡಿನ ಸರದಿಯಲ್ಲಿ ಡ್ರೈವ್ ಸುಮಾರು ಹೊತ್ತು ಸುತ್ತಿ ತಾನೇ ನಿಂತಿತು. "ನಾಳೆ ಇನ್ನೊಂದು ಡ್ರೈವಿನಲ್ಲಿ ನೋಡೋಣ, ಇಟ್ಟು ಹೋಗಿ" ಎಂದರು.