ಗಾಳಿ ಬಂದಾಗ ತೂರು, ನೀರನ್ನು ಕೂಡಿಡು

ಸಿಂಧನೂರು ತಾಲೂಕಿನ ಮುಕ್ಕುಂದದ ಹೊಲವೊಂದರಲ್ಲಿ ಮೋಟರು ಶುರುವಾದರೆ ಅದಕ್ಕೆ ಬಂದ ಕರೆಂಟು ಎಲ್ಲಿಯದೆಂದು ತಂತಿ ಹೇಳುವುದಿಲ್ಲ. ಈಶಾನ್ಯಕ್ಕೆ ಕೃಷ್ಣೆಯ ದಂಡೆಯಲ್ಲಿರುವ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಬಂದದ್ದಿರಬಹುದು. ಪಶ್ಚಿಮಕ್ಕೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಬೆದ್ದಲು ಹೊಲಗಳಲ್ಲಿ ನಿಂತ ಫ್ಯಾನುಗಳಿಂದ ಬಂದದ್ದೂ ಇರಬಹುದು. ಜನ ಫ್ಯಾನು ಎಂದೇ ಕರೆಯುವ ಈ ಗಾಳಿಯಂತ್ರಗಳ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಇಂಧನವೇ ಬೇಡದ ಯಂತ್ರ ಬಂದಿರುವಾಗ ಕಲ್ಲಿದ್ದಲು ಏಕೆ ಎಂಬುದು ಒಂದು. ಗಾಳಿ ನಿಂತ ದಿನ ಮೋಟರಿಗೆ ಯಾರು ದಿಕ್ಕು ಎಂಬುದು ಇನ್ನೊಂದು. ಎರಡೂ ಮಾತು ಗಾಳಿಯನ್ನು ಒಂಟಿಯಾಗಿ ನಿಲ್ಲಿಸಿ ತೂಗುತ್ತವೆ. ನಮ್ಮ ರಾಜ್ಯದಲ್ಲಿ ಗಾಳಿಗೆ ಹುಟ್ಟಿನಿಂದಲೇ ಒಬ್ಬ ಜೊತೆಗಾರನಿದ್ದಾನೆ, ಅಣೆಕಟ್ಟಿನ ನೀರು. ಆ ಜೋಡಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಲೆಕ್ಕ ಸರಿಯಾಗುತ್ತದೆ.

ಮೊದಲು ಯಂತ್ರವನ್ನು ನೋಡೋಣ. ಈಗ ನಿಲ್ಲಿಸುತ್ತಿರುವ ದೊಡ್ಡ ಫ್ಯಾನುಗಳಲ್ಲಿ ಒಂದೊಂದು ರೆಕ್ಕೆ 80 ಮೀಟರಿನ ಆಸುಪಾಸು ಉದ್ದ. ಮೂರು ರೆಕ್ಕೆ ಒಂದು ಸುತ್ತು ಬಂದರೆ ಆಕಾಶದಲ್ಲಿ ಬಳಸುವ ಜಾಗ ಹೆಚ್ಚುಕಡಿಮೆ ಐದು ಎಕರೆ. ಗಾಳಿ ಹಗುರ ಎಂದುಕೊಳ್ಳುತ್ತೇವೆ, ಆದರೆ ಒಂದು ಘನಮೀಟರ್ ಗಾಳಿ ಒಂದು ಕಿಲೋಗ್ರಾಮಿಗಿಂತ ಹೆಚ್ಚೇ ತೂಗುತ್ತದೆ. ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಆ ಐದು ಎಕರೆಯ ಕಿಂಡಿಯಿಂದ ಪ್ರತಿ ಸೆಕೆಂಡಿಗೆ 190 ಟನ್ನಿನಷ್ಟು ಗಾಳಿ ಹಾದುಹೋಗುತ್ತದೆ. ರೆಕ್ಕೆಯ ಅಡ್ಡಕೊಯ್ತ ವಿಮಾನದ ರೆಕ್ಕೆಯಂತೆಯೇ ಇರುವುದರಿಂದ ಗಾಳಿ ಅದನ್ನು ಬರೀ ತಳ್ಳದೆ ಒಂದು ಬದಿಗೆ ಎಳೆಯುತ್ತದೆ. ಆ ಸೆಳೆತವೇ ಜನರೇಟರನ್ನು ತಿರುಗಿಸುತ್ತದೆ. ಬಂದ ಗಾಳಿಯನ್ನೆಲ್ಲ ಹಿಡಿದು ನಿಲ್ಲಿಸಿದರೆ ಹಿಂದಿನ ಗಾಳಿಗೆ ದಾರಿ ಇರದು. ಹೀಗಾಗಿ ಯಾವ ಯಂತ್ರವೂ ಗಾಳಿಯ ಶಕ್ತಿಯಲ್ಲಿ ಶೇ. 59ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟ. ಇನ್ನೂ ಮುಖ್ಯವಾದ ನಿಯಮವೊಂದಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎರಡಲ್ಲ, ಎಂಟು ಪಟ್ಟಾಗುತ್ತದೆ. ಆಷಾಢದ ಬಿರುಗಾಳಿಗೂ ಚೈತ್ರದ ಮಂದಗಾಳಿಗೂ ಇರುವ ಅಂತರ ಮೈಗೆ ತಟ್ಟುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಮೀಟರಿಗೆ ತಟ್ಟುವುದು ಇದರಿಂದಲೇ. ಫ್ಯಾನುಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿರುವುದಕ್ಕೂ ಕಾರಣ ಇದೇ. ನೆಲದಿಂದ ಮೇಲೇರಿದಷ್ಟೂ ಗಾಳಿ ಚುರುಕು.

ಇಂಥ ಮೂರು ಮೆಗಾವಾಟ್ ಫ್ಯಾನು ತನ್ನ ಪೂರ್ಣ ಸಾಮರ್ಥ್ಯದ ಶೇ. 30ರಷ್ಟು ದುಡಿದರೂ ವರ್ಷಕ್ಕೆ ಸುಮಾರು 79 ಲಕ್ಷ ಯೂನಿಟ್ ಕೊಡುತ್ತದೆ. ಅಷ್ಟನ್ನೇ ಕಲ್ಲಿದ್ದಲಿನಿಂದ ಪಡೆಯಬೇಕೆಂದರೆ, ಯೂನಿಟ್ಟಿಗೆ 700 ಗ್ರಾಮಿನಂತೆ, 5,500 ಟನ್ ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ ಆದ್ದರಿಂದ 1,800 ಟನ್ನಿಗೂ ಮಿಕ್ಕ ಬೂದಿ ಉಳಿಯುತ್ತದೆ. ಹಳೆಯ ಸ್ಥಾವರಗಳಿಗೆ 2015ರಲ್ಲಿ ಕೇಂದ್ರ ಹಾಕಿದ ಮಿತಿ ಯೂನಿಟ್ಟಿಗೆ ಮೂರೂವರೆ ಲೀಟರ್ ನೀರು. ಆ ಮಿತಿಯಲ್ಲೇ ಎಣಿಸಿದರೂ ಎರಡೂಮುಕ್ಕಾಲು ಕೋಟಿ ಲೀಟರ್ ನೀರು ಬೇಕು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟುವುದೇ ದೊಡ್ಡ ಮಾತಾಗಿರುವ ರಾಯಚೂರು ಜಿಲ್ಲೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. ಆದರೆ ಅಳತೆಯ ಇನ್ನೊಂದು ತುದಿಯನ್ನೂ ಮುಚ್ಚಿಡಬಾರದು. 1985ರಲ್ಲಿ ಶುರುವಾದ ಶಕ್ತಿನಗರದ ಸ್ಥಾವರದ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಅದರ 210 ಮೆಗಾವಾಟಿನ ಒಂದೇ ಒಂದು ಘಟಕ ವರ್ಷವಿಡೀ ಶೇ. 70ರಷ್ಟು ನಡೆದು ಕೊಡುವ ಕರೆಂಟಿಗೆ ಸಾಟಿಯಾಗಲು ಇಂಥ 160ಕ್ಕೂ ಹೆಚ್ಚು ಫ್ಯಾನು ಬೇಕು.

ಅಷ್ಟು ಫ್ಯಾನು ನಿಲ್ಲಿಸಿದರೂ ಗಾಳಿ ಇಲ್ಲದ ದಿನ ಯಾರು ದಿಕ್ಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಕರ್ನಾಟಕದಲ್ಲಿ ಗಾಳಿ ಜೋರಾಗಿರುವುದು ಮುಂಗಾರಿನಲ್ಲಿ, ಅದರಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ. ಕರೆಂಟಿನ ಬೇಡಿಕೆ ನೆತ್ತಿಗೇರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಪಂಪ್‌ಸೆಟ್ಟುಗಳೂ ಪೇಟೆಯ ಏಸಿಗಳೂ ಒಟ್ಟಿಗೆ ಓಡುವಾಗ. ಬೇಕಾದಾಗ ಬರದ, ಬೇಡವಾದಾಗ ಬರುವ ಈ ಶಕ್ತಿಯಿಂದ ಏನು ಫಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಇದಕ್ಕೆ ಉತ್ತರ ನಮ್ಮ ಹಳೆಯ ಒಕ್ಕಲುತನದಲ್ಲಿದೆ. ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಗಾಳಿ ಕರೆದಾಗ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಬಂದಾಗ ರಾಶಿ ತೂರಿ, ಕಾಳನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷವೆಲ್ಲ ರೊಟ್ಟಿಗೆ ಕೊರತೆಯಿಲ್ಲ. ಗಾಳಿ ಹಂಗಾಮಿನದು, ಕಾಳು ವರ್ಷದ್ದು.

ವಿದ್ಯುತ್ತಿನ ಹಗೇವು ಮಲೆನಾಡಿನಲ್ಲಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಾಲ್ಕುನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ಆ ಎತ್ತರದಿಂದ ಒಂದು ಯೂನಿಟ್ ಕರೆಂಟಿಗೆ ಸುಮಾರು ಸಾವಿರ ಲೀಟರ್ ನೀರು ಇಳಿಯಬೇಕು. ಜುಲೈ ತಿಂಗಳಲ್ಲಿ ಕುಷ್ಟಗಿಯ ಫ್ಯಾನು ಒಂದು ಯೂನಿಟ್ ಕೊಟ್ಟು, ಅದರ ಬದಲಿಗೆ ಶರಾವತಿಯ ಗೇಟು ಅಷ್ಟು ಹೊತ್ತು ಮುಚ್ಚಿದ್ದರೆ, ಸಾವಿರ ಲೀಟರ್ ನೀರು ಲಿಂಗನಮಕ್ಕಿಯಲ್ಲೇ ನಿಲ್ಲುತ್ತದೆ. ಮಾರ್ಚ್ ತಿಂಗಳ ಸಂಜೆ ಅದೇ ನೀರು ಇಳಿದು ಅದೇ ಯೂನಿಟ್ಟನ್ನು ಮರಳಿ ಕೊಡುತ್ತದೆ. ಇದಕ್ಕೆ ಹೊಸ ಬ್ಯಾಟರಿ ಬೇಡ, ಹೊಸ ಅಣೆಕಟ್ಟೂ ಬೇಡ. ಇರುವ ಗೇಟನ್ನು ಯಾವಾಗ ತೆರೆಯಬೇಕೆಂಬ ವಿವೇಕ ಸಾಕು. ನೀರಿನ ಟರ್ಬೈನು ಕೆಲವೇ ನಿಮಿಷದಲ್ಲಿ ಏರಿ ಇಳಿಯಬಲ್ಲದು. ತಣ್ಣಗಾದ ಕಲ್ಲಿದ್ದಲು ಬಾಯ್ಲರು ಮತ್ತೆ ಕಾದು ಕೆಲಸಕ್ಕೆ ಬರಲು ಗಂಟೆಗಟ್ಟಲೆ ಕಾಯಬೇಕು. ಆದ್ದರಿಂದ ಚಂಚಲ ಗಾಳಿಗೆ ತಕ್ಕ ಜೋಡಿ ನೀರೇ. ಬೇಸಿಗೆಯ ಹಗಲನ್ನು ಪಾವಗಡದಂಥ ಸೋಲಾರ್ ಪಾರ್ಕುಗಳು ನೋಡಿಕೊಂಡರೆ, ಕೂಡಿಟ್ಟ ನೀರು ಸಂಜೆ ಮತ್ತು ರಾತ್ರಿಗೆ ಒದಗುತ್ತದೆ.

ಅಣೆಕಟ್ಟು ತುಂಬಿ ಕೋಡಿ ಹರಿಯುವ ವರ್ಷ ಗೇಟು ಮುಚ್ಚಿ ಉಳಿಸುವುದೇನು ಎಂದು ಕೇಳಬಹುದು. ನಿಜ, ಅಂಥ ವಾರಗಳಲ್ಲಿ ನೀರು ಉಳಿಯುವುದಿಲ್ಲ. ಆಗ ಉಳಿಯುವುದು ಕಲ್ಲಿದ್ದಲು. ಮಳೆಗಾಲದಲ್ಲಿ ಬೇಡಿಕೆ ತಗ್ಗಿ, ಗಾಳಿ ಮತ್ತು ಜಲವಿದ್ಯುತ್ ಹೆಚ್ಚಿದಾಗ ಶಕ್ತಿನಗರದ ಘಟಕಗಳನ್ನು ನಿಲ್ಲಿಸುವುದು ಹೊಸದಲ್ಲ. ಬರಗಾಲದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2023ರಲ್ಲಿ ಮುಂಗಾರು ಕೈಕೊಟ್ಟು, ಅಣೆಕಟ್ಟುಗಳು ತುಂಬದೆ, ಒಣಗುವ ಬೆಳೆಗೆ ಪಂಪ್‌ಸೆಟ್ಟು ಓಡಿಸಬೇಕಾಗಿ, ಅಕ್ಟೋಬರಿನಲ್ಲೇ ರಾಜ್ಯ ವಿದ್ಯುತ್ ಕೊರತೆಗೆ ಸಿಲುಕಿತು. ಇಂಥ ವರ್ಷಕ್ಕೆ ಉಷ್ಣಸ್ಥಾವರ ಬೇಕು, ಇನ್ನೂ ಕೆಲವು ಕಾಲ ಬೇಕು. ಆದರೆ ಆಪತ್ತಿಗೆಂದು ಇಟ್ಟುಕೊಳ್ಳುವುದು ಬೇರೆ, ದಿನವೂ ಉರಿಸುವುದು ಬೇರೆ. ಸುಟ್ಟ ಕಲ್ಲಿದ್ದಲು ಮರಳಿ ಬಾರದು; ಅದರ ಹೊಗೆಯಿಂದ ಕಾಯುವ ವಾತಾವರಣ ಮಳೆಯ ಲೆಕ್ಕವನ್ನೇ ಏರುಪೇರು ಮಾಡಿದರೆ ಪೆಟ್ಟು ಬೀಳುವುದು ತುಂಗಭದ್ರೆಯನ್ನು ನಂಬಿದ ಭತ್ತದ ಸೀಮೆಗೇ. ಬರವನ್ನು ಕಾರಣವಾಗಿ ತೋರಿಸಿ ಬರಕ್ಕೆ ದಾರಿ ಮಾಡುವ ಇಂಧನವನ್ನೇ ಹೆಚ್ಚಿಸುವುದು ಜಾಣತನವಲ್ಲ.

ಇನ್ನು ನೆಲದ ಪ್ರಶ್ನೆ. ಗಾಳಿ ಚೆನ್ನಾಗಿರುವುದು ಗುಡ್ಡದ ನೆತ್ತಿಯಲ್ಲೆಂದು ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿ ಭಾಗದ ಬೆಟ್ಟಸಾಲುಗಳ ಮೇಲೆ ಫ್ಯಾನು ಏರಿದವು. ಅವುಗಳಿಗೆ ರಸ್ತೆ ಕಡಿದಲ್ಲಿ ಮಣ್ಣು ಸಡಿಲಾಗುತ್ತದೆ, ಕುರುಚಲು ಕಾಡು ತುಂಡಾಗುತ್ತದೆ. 2019ರಲ್ಲಿ ಕಪ್ಪತಗುಡ್ಡ ವನ್ಯಧಾಮವಾದ ಮೇಲೂ ಅಲ್ಲಿ ಹೊಸದನ್ನು ಬಯಸುವುದು ತಪ್ಪು. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿರುಗುಪ್ಪದ ಎರೆ ಹೊಲಗಳು. ಅಳಿವಿನಂಚಿಗೆ ಬಂದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ, ರಾಜ್ಯದಲ್ಲಿ ಕೊನೆಯದಾಗಿ ನೆಲೆ ಕಂಡುಕೊಂಡದ್ದು ಅಲ್ಲಿ. ಅದು ಬಲು ಭಾರದ ಹಕ್ಕಿ, ಕಣ್ಣು ತಲೆಯ ಪಕ್ಕಗಳಲ್ಲಿ. ಎದುರಿನ ತಂತಿ ಕಂಡು ತಿರುಗುವಷ್ಟರಲ್ಲಿ ಬಡಿದಿರುತ್ತದೆ. ಅದರ ಹಾದಿಯಲ್ಲಿ ತಂತಿಯನ್ನು ನೆಲದೊಳಗೆ ಎಳೆಯಬೇಕು, ಇಲ್ಲವೇ ಆ ಜಾಗ ಬಿಟ್ಟುಬಿಡಬೇಕು. ಇದರಿಂದ ಗಾಳಿವಿದ್ಯುತ್ತಿಗೆ ಜಾಗ ಸಾಲದೆಂಬ ಭಯ ಬೇಡ. ನೆಲದಿಂದ 120 ಮೀಟರ್ ಎತ್ತರದಲ್ಲಿ ಕರ್ನಾಟಕದ ಗಾಳಿಗೆ ಸುಮಾರು 1,24,000 ಮೆಗಾವಾಟ್ ಸಾಮರ್ಥ್ಯವಿದೆ ಎಂದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಅಂದಾಜಿಸಿದೆ. 2025ರ ಮಾರ್ಚ್ ಹೊತ್ತಿಗೆ ರಾಜ್ಯದಲ್ಲಿ ನಿಂತಿದ್ದುದು 7,300 ಚಿಲ್ಲರೆ ಮೆಗಾವಾಟ್. ಇಷ್ಟು ಆಯ್ಕೆ ಇರುವವರು ಕಾಡನ್ನೂ ಹಕ್ಕಿಯನ್ನೂ ಬಿಟ್ಟು ಬಯಲನ್ನು ಆರಿಸಬಹುದು. ಬಯಲಲ್ಲಿ ಫ್ಯಾನಿನ ಬುಡ ಬಿಟ್ಟರೆ ಸುತ್ತ ಜೋಳ, ಕಡಲೆ ಎಂದಿನಂತೆ ಬೆಳೆಯುತ್ತವೆ. ಆದರೆ ಬುಡದ ಜಾಗವನ್ನು ಒಮ್ಮೆಗೇ ಕ್ರಯಕ್ಕೆ ಬರೆಸಿಕೊಳ್ಳುವ ಬದಲು, ಪಾವಗಡದಲ್ಲಿ ರೈತರಿಂದ ಜಮೀನನ್ನು ಗುತ್ತಿಗೆಗೆ ಪಡೆದಂತೆ, ವರ್ಷ ವರ್ಷವೂ ಹಣ ಸಲ್ಲುವ ಕರಾರು ಆಗಬೇಕು. ಸವೆದ ರೆಕ್ಕೆಗಳ ಗಾಜುನಾರನ್ನು ಕರಗಿಸಿ ಮರಳಿ ಬಳಸುವುದು ಇಂದಿಗೂ ಕಷ್ಟ ಎಂಬುದನ್ನೂ ಒಪ್ಪಬೇಕು. ಆದರೂ ಇಪ್ಪತ್ತು ವರ್ಷಕ್ಕೊಮ್ಮೆ ಬೀಳುವ ಮೂರು ರೆಕ್ಕೆಯ ತೂಕ ನೂರು ಟನ್ ಮೀರದು. ಅಷ್ಟೇ ಕರೆಂಟಿಗೆ ಕಲ್ಲಿದ್ದಲು ಒಂದೇ ವರ್ಷದಲ್ಲಿ ಬಿಡುವ ಬೂದಿ ಅದರ ಹದಿನೆಂಟು ಪಟ್ಟು.

ಹಾಗಾಗಿ ಫ್ಯಾನೊಂದರ ಬೆಲೆಯನ್ನು ಅದು ನಿಂತ ದಿನದಿಂದ ಅಳೆಯಬಾರದು. ತಿರುಗಿದ ದಿನ ಅದು ಶಕ್ತಿನಗರದಲ್ಲಿ ಎಷ್ಟು ಕಲ್ಲಿದ್ದಲನ್ನು ಉರಿಯದಂತೆ ತಡೆಯಿತು, ಲಿಂಗನಮಕ್ಕಿಯಲ್ಲಿ ಎಷ್ಟು ನೀರನ್ನು ನಿಲ್ಲಿಸಿತು ಎಂಬುದರಿಂದ ಅಳೆಯಬೇಕು. ಆ ಲೆಕ್ಕವನ್ನು ಇಂಧನ ಇಲಾಖೆ ಪ್ರತಿ ಮುಂಗಾರಿನ ಕೊನೆಗೆ ಜನರ ಮುಂದಿಡಲಿ. ಆಷಾಢದಲ್ಲಿ ಕುಷ್ಟಗಿಯ ಬಯಲಲ್ಲಿ ಬೀಸಿದ ಗಾಳಿ ಮಾರ್ಚ್ ತಿಂಗಳಲ್ಲಿ ಮುಕ್ಕುಂದದ ಮೋಟರಿಗೆ ಎಷ್ಟು ತಾಸಿನ ಕರೆಂಟಾಗಿ ಬಂತೆಂದು ಆಗ ರೈತರೇ ಎಣಿಸಿ ನೋಡಬಹುದು.